ಕಣ್ಣೊಳಗಿನ ಜೆಲ್‌ಗೆ ನಲ್ಲಿ ನೀರು ಬೇಡ

ಹೋದ ವರ್ಷ ಒಂದು ಟ್ರಿಪ್‌ನಲ್ಲಿ ನನ್ನ ಕಾಂಟ್ಯಾಕ್ಟ್ ಲೆನ್ಸ್ ಸೊಲ್ಯೂಷನ್ ಮುಗಿದುಹೋಗಿತ್ತು. ರೂಮಿನ ನಲ್ಲಿ ನೀರಲ್ಲೇ ಲೆನ್ಸ್ ತೊಳೆದು ಹಾಕ್ಕೊಂಡೆ. ಸಂಜೆ ಹೊತ್ತಿಗೆ ಕಣ್ಣು ಕೆಂಡ! ಕಣ್ಣಿನ ಡಾಕ್ಟರ್ ಒಂದೇ ಮಾತು ಹೇಳಿದ್ರು: "ಇದು ಗಾಜಲ್ಲಪ್ಪಾ, ನೀರು ಕುಡಿಯೋ ವಸ್ತು."

ಆ ವಸ್ತುವಿನ ಹೆಸರು ಹೈಡ್ರೋಜೆಲ್. ಕಾಮಕಸ್ತೂರಿ ಬೀಜ ನೆನೆಸಿದಾಗ ಸುತ್ತ ಲೋಳೆ ಕಟ್ಟುತ್ತಲ್ಲ, ಅದೂ ಹೈಡ್ರೋಜೆಲ್ಲೇ. ನಾನು ಓದಿದ್ದು ಬಿಕಾಂ, ಸರಳವಾಗಿ ಹೇಳ್ತೀನಿ. ಉದ್ದುದ್ದ ಅಣುಗಳ ಸರಪಳಿಗಳು ಅಲ್ಲಲ್ಲಿ ಗಂಟು ಬಿದ್ದು ಒಂದು ಬಲೆ ಆಗಿರುತ್ತೆ. ಬಲೆ ನೀರನ್ನ ಎಳ್ಕೊಂಡು ಉಬ್ಬುತ್ತೆ. ಗಂಟುಗಳಿರೋದ್ರಿಂದ ಕರಗಿಹೋಗಲ್ಲ. ಮಕ್ಕಳ ಡಯಾಪರ್, ಸ್ಯಾನಿಟರಿ ಪ್ಯಾಡ್, ಗಾಯಕ್ಕೆ ಹಾಕೋ ಜೆಲ್ ಪಟ್ಟಿ, ಎಲ್ಲದರಲ್ಲೂ ಇದೇ ಕೆಲಸ. ಮಳೆಯಾಶ್ರಿತ ಹೊಲದ ಮಣ್ಣಲ್ಲಿ ತೇವ ಉಳಿಸೋಕೆ ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆ 'ಪೂಸಾ ಹೈಡ್ರೋಜೆಲ್' ಅಂತಲೇ ಒಂದನ್ನ ಮಾಡಿದೆ.

ಇದನ್ನ ಕಣ್ಣಿಗೆ ತಂದಿದ್ದು ಆಗಿನ ಜೆಕೊಸ್ಲೊವಾಕಿಯಾದ ರಸಾಯನ ವಿಜ್ಞಾನಿ ಒಟ್ಟೊ ವಿಕ್ಟರ್ಲೆ. 1961ರ ಕ್ರಿಸ್‌ಮಸ್ ಹೊತ್ತಲ್ಲಿ ಮನೆಯಲ್ಲೇ ಕೂತು, ಮಕ್ಕಳ ಆಟದ ಮೆಕ್ಯಾನಿಕ್ ಸೆಟ್ಟು, ಸೈಕಲ್ ಡೈನಮೋ ಸೇರಿಸಿ ಒಂದು ಯಂತ್ರ ಕಟ್ಟಿದ್ರು. ತಿರುಗೋ ಅಚ್ಚಿನಲ್ಲಿ ದ್ರವ ಹಾಕಿದ್ರೆ ಅದು ಲೆನ್ಸ್ ಆಕಾರದಲ್ಲೇ ಗಟ್ಟಿ ಆಗ್ತಿತ್ತು. 1971ರಲ್ಲಿ ಅಮೆರಿಕದಲ್ಲಿ ಮೃದು ಲೆನ್ಸ್ ಮಾರಾಟಕ್ಕೆ ಒಪ್ಪಿಗೆ ಸಿಕ್ತು. ಆ ಮೊದಲ ಬಗೆಯ ಲೆನ್ಸ್‌ನಲ್ಲಿ ಶೇಕಡಾ 38ರಷ್ಟು ಇದ್ದದ್ದು ನೀರೇ!

ಈಗ ನನ್ನ ತಪ್ಪಿಗೆ ಬರೋಣ. ಸೊಲ್ಯೂಷನ್‌ನಲ್ಲಿ ಉಪ್ಪಿನಂಶ ನಮ್ಮ ಕಣ್ಣೀರಿನಷ್ಟೇ ಇರುತ್ತೆ. ನಲ್ಲಿ ನೀರಲ್ಲಿ ಹಾಗಿರಲ್ಲ. ಅದಕ್ಕೇ ಲೆನ್ಸ್ ಉಬ್ಬಿ, ಆಕಾರ ಕೆಟ್ಟು, ಕಣ್ಣಿಗೆ ಅಂಟಿಕೊಳ್ಳಬಹುದು. ಅದಕ್ಕಿಂತ ದೊಡ್ಡ ಅಪಾಯ ಅಕಾಂತಮೀಬಾ ಅನ್ನೋ ಸೂಕ್ಷ್ಮಜೀವಿ. ನಲ್ಲಿ, ಬಾವಿ, ಈಜುಕೊಳ, ಎಲ್ಲಿ ಬೇಕಾದ್ರೂ ಇರುತ್ತೆ. ಲೆನ್ಸ್‌ಗೆ ಅಂಟಿಕೊಂಡು ಕಣ್ಣಿಗೆ ಬಂದ್ರೆ ಕಾರ್ನಿಯಾಗೆ ಸೋಂಕು. ಅಪರೂಪವೇ, ಆದರೆ ದೃಷ್ಟಿ ಹೋಗೋ ಮಟ್ಟಕ್ಕೂ ಹೋಗಬಹುದು. ನನಗೆ ಅಷ್ಟು ಆಗಲಿಲ್ಲ, ಪುಣ್ಯ.

ಹಾಗಾಗಿ ಕೈ ಸೋಪಲ್ಲಿ ತೊಳೆದು, ಒರೆಸಿ, ಆಮೇಲೆ ಲೆನ್ಸ್ ಮುಟ್ಟಿ. ಸ್ನಾನಕ್ಕೆ, ಈಜೋಕೆ ಮೊದಲು ತೆಗೆದುಬಿಡಿ. ಸೊಲ್ಯೂಷನ್ ಇಲ್ವಾ? ಅವತ್ತು ಕನ್ನಡಕ ಹಾಕ್ಕೊಳ್ಳಿ. ಕಣ್ಣು ಕೆಂಪಾಗಿ ನೋಯ್ತಿದ್ರೆ ಲೆನ್ಸ್ ತೆಗೆದು ಅವತ್ತೇ ಡಾಕ್ಟರ್ ಹತ್ರ ಹೋಗಿ. ಹಾಸ್ಟೆಲ್‌ನಲ್ಲಿ ಲೆನ್ಸ್ ಹಾಕೋ ಫ್ರೆಂಡ್ ಇದ್ರೆ ಈ ಎಪಿಸೋಡ್ ಕಳಿಸಿ. ಮತ್ತೆ ಸಿಗೋಣ.