ಸೋರಿಯಾಸಿಸ್‌ಗೆ ಹಚ್ಚುವ ಮುಲಾಮು: ಎಷ್ಟು, ಎಲ್ಲಿ, ಎಷ್ಟು ದಿನ?

(ಸಂಘದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಶಿಕ್ಷಣ ಸಂಘದ ವೇದಿಕೆಯಲ್ಲಿ ಚರ್ಮದ ಮುಲಾಮಿನ ಬಗ್ಗೆ ಭಾಷಣವೇ ಎಂದು ಕೆಲವರಿಗೆ ಅನಿಸಬಹುದು. ಸಕ್ಕರೆ ಕಾಯಿಲೆ, ಬಿ.ಪಿ. ಬಗ್ಗೆ ಇಲ್ಲಿ ಬೇರೆಯವರು ಸಾಕಷ್ಟು ಹೇಳಿದ್ದಾರೆ. ನಾನು ಈ ವಿಷಯ ಆರಿಸಿಕೊಂಡದ್ದಕ್ಕೆ ಕಾರಣವಿದೆ. ನಮ್ಮ ಎಷ್ಟೋ ಮನೆಗಳಲ್ಲಿ ಕನ್ನಡಿಯ ಹಿಂದೆ ಅರ್ಧ ಹಿಂಡಿದ ಒಂದು ಟ್ಯೂಬು ಇರುತ್ತದೆ. ಯಾರಿಗೆ ಬರೆದುಕೊಟ್ಟದ್ದು, ಯಾವ ವರ್ಷ ತಂದದ್ದು ಯಾರಿಗೂ ನೆನಪಿಲ್ಲ. ಅಜ್ಜಿಯ ಮೊಣಕೈಗೆ ಅದೇ, ಮೊಮ್ಮಗನ ತೊಡೆಯ ತುರಿಕೆಗೆ ಅದೇ, ಮದುವೆ ಹತ್ತಿರ ಬಂದಾಗ ಮಗಳ ಮುಖಕ್ಕೂ ಅದೇ. ಆ ಟ್ಯೂಬಿನಲ್ಲಿ ಬಹುಮಟ್ಟಿಗೆ ಇರುವುದು ಸ್ಟಿರಾಯ್ಡ್. ಸರಿಯಾಗಿ ಬಳಸಿದರೆ ಬಹಳ ಒಳ್ಳೆಯ ಔಷಧ. ಇಂದು ನಾನು ಹೇಳಬೇಕಾದದ್ದು ಆ 'ಸರಿಯಾಗಿ' ಎಂಬ ಒಂದು ಶಬ್ದದ ಬಗ್ಗೆಯೇ.

ಮೊದಲು ರೋಗದ ಪರಿಚಯ. ಸೋರಿಯಾಸಿಸ್ ಅನ್ನು ನಮ್ಮ ಮನೆಗಳಲ್ಲಿ ಉರ್ದು ಮಾತನಾಡುವವರು 'ಚಂಬಲ್' ಎನ್ನುತ್ತಾರೆ. ಅದೇ ಶಬ್ದವನ್ನು ಇಸುಬಿಗೂ ಬಳಸುತ್ತಾರೆ, ಗೊಂದಲ ಅಲ್ಲಿಂದಲೇ ಶುರು. ನಮ್ಮ ಚರ್ಮ ಸುಮಾರು ಒಂದು ತಿಂಗಳಿಗೊಮ್ಮೆ ಹಳೆಯ ಪದರ ಕಳಚಿ ಹೊಸದನ್ನು ತರುತ್ತದೆ. ನಮಗದು ತಿಳಿಯುವುದೂ ಇಲ್ಲ. ಸೋರಿಯಾಸಿಸ್ ಇದ್ದವರಲ್ಲಿ ರೋಗನಿರೋಧಕ ಶಕ್ತಿಯೇ ದಾರಿ ತಪ್ಪಿ ಚರ್ಮವನ್ನು ಕೆರಳಿಸುತ್ತದೆ. ಒಂದು ತಿಂಗಳ ಕೆಲಸ ಮೂರರಿಂದ ಐದು ದಿನಗಳಲ್ಲಿ ಮುಗಿಯುತ್ತದೆ. ಬಲಿಯದ ಜೀವಕೋಶಗಳು ಒಂದರ ಮೇಲೊಂದು ಪೇರಿಸಿಕೊಂಡು ಬೆಳ್ಳಿ ಬಣ್ಣದ ಹುರುಪೆಯಾಗುತ್ತವೆ. ಮೊಣಕೈ, ಮೊಣಕಾಲು, ನೆತ್ತಿ, ಸೊಂಟದ ಹಿಂಭಾಗ ಇದರ ಇಷ್ಟದ ಜಾಗಗಳು. ಪುಸ್ತಕದ ಚಿತ್ರಗಳಲ್ಲಿ ಕೆಂಪಗೆ ಕಾಣುತ್ತದೆ, ಆದರೆ ನಮ್ಮ ಗೋಧಿ ಬಣ್ಣದ, ಕಪ್ಪು ಬಣ್ಣದ ಚರ್ಮದಲ್ಲಿ ನೇರಳೆ, ಕಂದು ಅಥವಾ ಬೂದಿ ಬಣ್ಣ ಕಾಣಬಹುದು.

ಇದು ಅಂಟುರೋಗ ಅಲ್ಲ. ಕೈ ಕುಲುಕಿದರೆ, ಒಂದೇ ತಟ್ಟೆಯಲ್ಲಿ ಉಂಡರೆ, ಸಫಿನಲ್ಲಿ ಭುಜಕ್ಕೆ ಭುಜ ತಾಗಿಸಿ ನಿಂತರೆ ಬರುವುದಿಲ್ಲ. ಈ ರೋಗಕ್ಕೆ ಮದುವೆ ತಪ್ಪಿದ ಹುಡುಗಿಯರಿದ್ದಾರೆ, ಅರ್ಧ ತೋಳಿನ ಅಂಗಿ ಹಾಕಲು ಅಂಜಿ ಆಟವನ್ನೇ ಬಿಟ್ಟ ಹುಡುಗರಿದ್ದಾರೆ. 2014ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಮಹಾಸಭೆ ಸೋರಿಯಾಸಿಸ್ ಬಗ್ಗೆಯೇ ಒಂದು ಠರಾವು ಮಾಡಿ, ಇದು ಅಂಟುವ ರೋಗವಲ್ಲ, ರೋಗಿಗಳನ್ನು ದೂರವಿಡಬೇಡಿ ಎಂದು ರಾಷ್ಟ್ರಗಳಿಗೆ ಹೇಳಬೇಕಾಯಿತು. ಹೇಳಿ ಹತ್ತು ವರ್ಷದ ಮೇಲಾಯಿತು. ನಮ್ಮ ಓಣಿಗೆ ಆ ಠರಾವು ಇನ್ನೂ ತಲುಪಿಲ್ಲ.

ಇನ್ನು ಔಷಧದ ಕಥೆ. ವಿಜ್ಞಾನ ವಿದ್ಯಾರ್ಥಿಗಳಿಗೆ ಇದು ಇಷ್ಟವಾದೀತು. ಹತ್ತೊಂಬತ್ತನೆಯ ಶತಮಾನದಲ್ಲಿ ನಮ್ಮ ನೆರೆಯ ಗೋವಾದ ಹೆಸರಿನ ಒಂದು ಪುಡಿ, 'ಗೋವಾ ಪೌಡರ್', ಗಜಕರ್ಣಕ್ಕೆ ಹೆಸರುವಾಸಿಯಾಗಿತ್ತು. ನಿಜವಾಗಿ ಅದು ಗೋವಾದ್ದಲ್ಲ. ಬ್ರೆಜಿಲ್‌ನ ಮರವೊಂದರ ಪುಡಿ, ಪೋರ್ಚುಗೀಸರ ಹಡಗಿನಲ್ಲಿ ಬಂದದ್ದು. 1876ರಲ್ಲಿ ಲಂಡನ್ನಿನ ಬಾಲ್ಮನೋ ಸ್ಕ್ವೈರ್ ಎಂಬ ವೈದ್ಯರು ಅದರಲ್ಲಿನ ಅಂಶವನ್ನು ಸೋರಿಯಾಸಿಸ್‌ಗೆ ಬಳಸಿದರು. ಅದರ ಸುಧಾರಿತ ರೂಪವೇ ಮುಂದೆ ಬಂದ ಡಿತ್ರನಾಲ್. 1952ರಲ್ಲಿ ಸಲ್ಜ್‌ಬರ್ಗರ್ ಮತ್ತು ವಿಟ್ಟನ್ ಎಂಬ ಅಮೆರಿಕದ ವೈದ್ಯರು ಹೈಡ್ರೋಕಾರ್ಟಿಸೋನ್ ಅನ್ನು ಚರ್ಮದ ಮೇಲೆ ಹಚ್ಚಿ ಫಲ ಕಂಡರು; ಇಂದಿನ ಎಲ್ಲ ಸ್ಟಿರಾಯ್ಡ್ ಮುಲಾಮುಗಳ ಮೂಲ ಅದು. 1985ರಲ್ಲಿ ಜಪಾನಿನಲ್ಲಿ ಮೂಳೆ ಸವೆತಕ್ಕೆಂದು ವಿಟಮಿನ್ ಡಿ ಬಗೆಯ ಔಷಧ ಪಡೆದ ರೋಗಿಯೊಬ್ಬರ ಸೋರಿಯಾಸಿಸ್ ತಾನಾಗಿಯೇ ಇಳಿಯಿತು. ಆ ಸುಳಿವಿನ ದಾರಿಯಲ್ಲೇ ಕ್ಯಾಲ್ಸಿಪೋಟ್ರಿಯಾಲ್ ಎಂಬ ಮುಲಾಮು ಬಳಕೆಗೆ ಬಂತು.

ಸ್ಟಿರಾಯ್ಡ್ ಮುಲಾಮುಗಳೆಲ್ಲ ಒಂದೇ ಅಲ್ಲ. ಹೈಡ್ರೋಕಾರ್ಟಿಸೋನ್ ಸೌಮ್ಯ, ಬೀಟಾಮೆಥಾಸೋನ್ ಪ್ರಬಲ, ಕ್ಲೋಬೆಟಸಾಲ್ ಅತಿ ಪ್ರಬಲ. ಟ್ಯೂಬಿನ ಮೇಲೆ '0.05 ಶೇಕಡಾ' ಎಂದು ನೋಡಿ "ಇಷ್ಟೇ ತಾನೆ" ಎಂದುಕೊಳ್ಳಬೇಡಿ. 0.05 ಶೇಕಡಾ ಕ್ಲೋಬೆಟಸಾಲ್ 1 ಶೇಕಡಾ ಹೈಡ್ರೋಕಾರ್ಟಿಸೋನ್‌ಗಿಂತ ನೂರಾರು ಪಟ್ಟು ಬಲವುಳ್ಳದ್ದು. ಶಕ್ತಿ ಇರುವುದು ಔಷಧದ ಹೆಸರಿನಲ್ಲಿ, ಅಂಕಿಯಲ್ಲಿ ಅಲ್ಲ.

ಎಷ್ಟು ಹಚ್ಚಬೇಕು? ವೈದ್ಯರು "ತೆಳ್ಳಗೆ ಹಚ್ಚಿ" ಎನ್ನುತ್ತಾರೆ. ಒಬ್ಬರ ತೆಳು ಇನ್ನೊಬ್ಬರ ದಪ್ಪ. ಇದಕ್ಕೆ ಲಾಂಗ್ ಮತ್ತು ಫಿನ್ಲೇ ಎಂಬ ಬ್ರಿಟನ್ನಿನ ವೈದ್ಯರು 1991ರಲ್ಲಿ ಒಂದು ಸರಳ ಅಳತೆ ಕೊಟ್ಟರು. ದೊಡ್ಡವರ ತೋರುಬೆರಳಿನ ತುದಿಯಿಂದ ಮೊದಲ ಗೆರೆಯವರೆಗೆ ಟ್ಯೂಬಿನಿಂದ ಹಿಂಡಿದ ಮುಲಾಮು ಸುಮಾರು ಅರ್ಧ ಗ್ರಾಂ. ಅದು ಬೆರಳುಗಳೂ ಸೇರಿದ ಎರಡು ಅಂಗೈಯಷ್ಟು ಜಾಗಕ್ಕೆ ಸಾಕು. ಈಗ ಲೆಕ್ಕ ಮಾಡಿ, ಹುಡುಗರೇ. ಎರಡು ಮೊಣಕೈ, ಎರಡು ಮೊಣಕಾಲು, ಒಟ್ಟು ನಾಲ್ಕು ಅಂಗೈಯಷ್ಟು ಜಾಗದಲ್ಲಿ ರೋಗವಿದೆ. ಒಂದು ಸಲಕ್ಕೆ ಎರಡು ಬೆರಳ ತುದಿ, ಅಂದರೆ 1 ಗ್ರಾಂ. ದಿನಕ್ಕೆ ಎರಡು ಸಲ, 14 ದಿನ: 28 ಗ್ರಾಂ. ಅಂದರೆ 30 ಗ್ರಾಮಿನ ಟ್ಯೂಬು ಎರಡು ವಾರಕ್ಕೆ ಮುಗಿಯಬೇಕು. ನಾಲ್ಕು ದಿನಕ್ಕೇ ಮುಗಿದರೆ ಹೆಚ್ಚು ಹಚ್ಚುತ್ತಿದ್ದೀರಿ. ಎರಡು ತಿಂಗಳಾದರೂ ಉಳಿದಿದ್ದರೆ ಔಷಧಕ್ಕೆ ಅಂಜಿ ಸವರಿ ಬಿಡುತ್ತಿದ್ದೀರಿ. ಎರಡನೆಯದೂ ತಪ್ಪೇ, "ಮುಲಾಮು ನಾಟಲಿಲ್ಲ" ಎಂದು ಬರುವವರಲ್ಲಿ ಇಂಥವರೂ ಇದ್ದಾರೆ. ಕ್ಲೋಬೆಟಸಾಲ್‌ನಂಥ ಅತಿ ಪ್ರಬಲ ಮುಲಾಮಿಗೆ ಗಡಿ ಇದೆ: ದೊಡ್ಡವರಿಗೆ ವಾರಕ್ಕೆ 50 ಗ್ರಾಂ ಮೀರಬಾರದು, ಎಡೆಬಿಡದೆ ಎರಡು ವಾರಕ್ಕಿಂತ ಹೆಚ್ಚು ಹಚ್ಚಬಾರದು. ಆಮೇಲೆ ಏನು ಮಾಡಬೇಕು ಎಂಬುದನ್ನು ವೈದ್ಯರು ಹೇಳುತ್ತಾರೆ. ವಾರದಲ್ಲಿ ಎರಡು ದಿನ ಮಾತ್ರ ಎನ್ನಬಹುದು, ಸೌಮ್ಯವಾದದ್ದಕ್ಕೆ ಇಳಿಸಬಹುದು, ಕ್ಯಾಲ್ಸಿಪೋಟ್ರಿಯಾಲ್‌ಗೆ ಬದಲಿಸಬಹುದು.

ಎಲ್ಲಿ ಹಚ್ಚಬೇಕು ಎಂಬುದು ಇನ್ನೂ ಮುಖ್ಯ. 1967ರಲ್ಲಿ ಫೆಲ್ಡ್‌ಮನ್ ಮತ್ತು ಮೈಬಾಕ್ ಎಂಬಿಬ್ಬರು ಒಂದೇ ಔಷಧವನ್ನು ದೇಹದ ಬೇರೆ ಬೇರೆ ಭಾಗಗಳಿಗೆ ಹಚ್ಚಿ, ಎಷ್ಟು ಒಳಗೆ ಇಳಿಯುತ್ತದೆಂದು ಅಳೆದರು. ಮುಂಗೈಯಲ್ಲಿ ಇಳಿಯುವುದನ್ನು ಒಂದು ಎಂದು ಹಿಡಿದರೆ, ದವಡೆಯ ಭಾಗದಲ್ಲಿ 13 ಪಟ್ಟು, ವೃಷಣದ ಚರ್ಮದಲ್ಲಿ 42 ಪಟ್ಟು. ಅಂಗಾಲಿನಲ್ಲಿ ಮಾತ್ರ ಮುಂಗೈಗಿಂತ ಬಹಳ ಕಡಿಮೆ. ಅಂಗಾಲಿಗೆ ಬರೆದುಕೊಟ್ಟದ್ದನ್ನು ಮುಖಕ್ಕೆ ಹಚ್ಚಿದರೆ ಏನಾದೀತು ಎಂದು ನೀವೇ ಊಹಿಸಿ. ಮುಖ, ಕಂಕುಳು, ತೊಡೆಸಂದಿ, ಸ್ತನದ ಕೆಳಗಿನ ಮಡಿಕೆ ಇಲ್ಲೆಲ್ಲ ಪ್ರಬಲ ಸ್ಟಿರಾಯ್ಡ್ ಬೇಡ. ಅಲ್ಲಿಗೆ ಸೌಮ್ಯವಾದದ್ದು ಅಥವಾ ಟ್ಯಾಕ್ರೋಲಿಮಸ್‌ನಂಥ ಬೇರೆ ಮುಲಾಮು ಇದೆ. ಕಣ್ಣಿನ ಸುತ್ತ ಬಹುದಿನ ಹಚ್ಚಿದರೆ ಕಣ್ಣಿನ ಒತ್ತಡ ಏರುವ ಅಪಾಯವೂ ಉಂಟು. ಹಚ್ಚಿದ ಮೇಲೆ ಪ್ಲಾಸ್ಟಿಕ್ ಸುತ್ತಿ ಕಟ್ಟಿದರೆ ಔಷಧ ಹೆಚ್ಚು ಇಳಿಯುತ್ತದೆ. ವೈದ್ಯರು ಹೇಳದೆ ಕಟ್ಟಬೇಡಿ. ಕೂಸುಗಳ ಡೈಪರ್ ಕೂಡ ಅದೇ ಕೆಲಸ ಮಾಡುತ್ತದೆ.

ಅಳತೆ ಮೀರಿದರೆ ಚರ್ಮ ಸಿಗರೇಟು ಕಾಗದದಂತೆ ತೆಳ್ಳಗಾಗುತ್ತದೆ, ರಕ್ತನಾಳಗಳು ಎದ್ದು ಕಾಣುತ್ತವೆ, ತೊಡೆ ಕಂಕುಳುಗಳಲ್ಲಿ ಅಳಿಸಲಾಗದ ಗೆರೆಗಳು ಬೀಳುತ್ತವೆ. ಬಹಳ ಜಾಗಕ್ಕೆ ಬಹಳ ದಿನ ಹಚ್ಚಿದರೆ ದೇಹ ತಾನೇ ಮಾಡಿಕೊಳ್ಳುವ ಸ್ಟಿರಾಯ್ಡ್ ಉತ್ಪಾದನೆಯೂ ಕುಗ್ಗಬಹುದು. ಹಾಗೆಂದು ಹೆದರಿ ಒಂದೇ ದಿನ ನಿಲ್ಲಿಸಬೇಡಿ. ಬಹುಕಾಲ ಪ್ರಬಲ ಸ್ಟಿರಾಯ್ಡ್ ಹಚ್ಚಿದವರು ಥಟ್ಟನೆ ಬಿಟ್ಟರೆ ಸೋರಿಯಾಸಿಸ್ ಮೊದಲಿಗಿಂತ ಜೋರಾಗಿ ಮರಳಬಹುದು. ಮೈಯೆಲ್ಲ ಕೆಂಪೇರಿ ಹುರುಪೆ ಉದುರಿದರೆ, ಸಣ್ಣ ಸಣ್ಣ ಕೀವಿನ ಗುಳ್ಳೆ ಎದ್ದು ಜ್ವರ ಬಂದರೆ ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಹೋಗಿ. ಸ್ಟಿರಾಯ್ಡ್ ಮಾತ್ರೆ, ಇಂಜೆಕ್ಷನ್ ನಿಲ್ಲಿಸಿದಾಗ ಈ ಅಪಾಯ ಇನ್ನೂ ಹೆಚ್ಚು. ಆದ್ದರಿಂದ "ಒಂದೇ ವಾರದಲ್ಲಿ ಗುಣ" ಎಂದು ಹೆಸರಿಲ್ಲದ ಪುಡಿ ಕೊಡುವವರ ಬಗ್ಗೆ ಎಚ್ಚರ. ಅಂಥ ಪುಡಿಗಳಲ್ಲಿ ಸ್ಟಿರಾಯ್ಡ್ ಬೆರೆಸಿದ್ದು ಎಷ್ಟೋ ಸಲ ಪತ್ತೆಯಾಗಿದೆ.

ಇನ್ನೊಂದು ಮಾತು ಗಜಕರ್ಣದ ಬಗ್ಗೆ. ಅದು ಬೂಷ್ಟಿನಿಂದ ಬರುವ ರೋಗ. ಅಂಚು ಉಬ್ಬಿ ನಡುವೆ ತಿಳಿಯಾದ ಬಳೆಯಂತೆ ಹರಡುತ್ತದೆ, ಮನೆಯವರಿಗೆಲ್ಲ ಅಂಟುತ್ತದೆ. ಅದಕ್ಕೆ ಸ್ಟಿರಾಯ್ಡ್ ಹಚ್ಚಿದರೆ ತುರಿಕೆ ಎರಡು ದಿನ ನಿಲ್ಲುತ್ತದೆ, ಬೂಷ್ಟು ಮಾತ್ರ ಒಳಗೊಳಗೇ ಹಬ್ಬಿ, ವೈದ್ಯರಿಗೂ ಗುರುತು ಸಿಗದ ರೂಪ ತಾಳುತ್ತದೆ. ಟಿಕೋಟಾ ಭಾಗದ ದ್ರಾಕ್ಷಿ ತೋಟಗಳಲ್ಲಿ ಬೆವರಿ, ಔಷಧ ಸಿಂಪಡಿಸಿ ಬಂದವರ ಕೈಕಾಲಿನ ಉರಿತ ಮತ್ತೂ ಬೇರೆಯೇ. ಮೂರೂ ತುರಿಸುತ್ತವೆ, ಮೂರಕ್ಕೂ ಔಷಧ ಬೇರೆ. ನೆರೆಯವರ ಟ್ಯೂಬು ತರಬೇಡಿ, ನಿಮ್ಮದನ್ನು ಕೊಡಲೂ ಬೇಡಿ.

ದೇಶದ 12 ಕೇಂದ್ರಗಳಲ್ಲಿ ಚರ್ಮವೈದ್ಯರು ನಡೆಸಿ 2011ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಮುಖದ ತೊಂದರೆಯೆಂದು ಬಂದ 2926 ಜನರ ಪೈಕಿ 433 ಜನ ಸ್ಟಿರಾಯ್ಡ್ ಮುಲಾಮು ಹಚ್ಚಿಕೊಳ್ಳುತ್ತಿದ್ದರು. ಬೆಳ್ಳಗಾಗಲೆಂದು ಹಚ್ಚಿ ಮುಖ ಸುಟ್ಟಂತೆ ಮಾಡಿಕೊಳ್ಳುವವರು ಇಂದಿಗೂ ಇದ್ದಾರೆ. 2018ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ 14 ಬಗೆಯ ಸ್ಟಿರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ನಿಯಮ ಮಾಡಿತು. ಹೀಗಾಗಿ ಅಂಗಡಿಯವರು "ಚೀಟಿ ತನ್ನಿ" ಎಂದರೆ ಅವರ ಮೇಲೆ ಸಿಟ್ಟಾಗಬೇಡಿ. ಅಂಗಡಿಯಲ್ಲಿ ಹೆಸರನ್ನು ಅಕ್ಷರ ಬಿಡದೆ ನೋಡಿ ಕೊಳ್ಳಿ. ಒಂದೇ ಹೆಸರಿನ ಬಾಲಕ್ಕೆ ಒಂದೆರಡು ಅಕ್ಷರ ಸೇರಿದರೆ ಒಳಗಿನ ಔಷಧವೇ ಬೇರೆಯಾಗುತ್ತದೆ.

ಮುಲಾಮಿಗಿಂತ ಅಗ್ಗವಾದ, ಆದರೆ ನಾವು ಮರೆಯುವ ಔಷಧ ಚರ್ಮವನ್ನು ಮೆತ್ತಗಿಡುವ ಜಿಡ್ಡು. ನಮ್ಮ ಜಿಲ್ಲೆಯ ಒಣ ಹವೆಗೆ, ಅದರಲ್ಲೂ ಚಳಿಗಾಲಕ್ಕೆ, ಬಿಳಿ ವ್ಯಾಸಲೀನ್ ಸಾಕು. ಸ್ನಾನದ ನಂತರ ಚರ್ಮ ಇನ್ನೂ ತುಸು ಹಸಿಯಿರುವಾಗ ಹಚ್ಚಿ. ಜಿಡ್ಡಿಗೂ ಔಷಧದ ಮುಲಾಮಿಗೂ ನಡುವೆ ಅರ್ಧ ಗಂಟೆ ಬಿಡಿ. ಐದು ಹೊತ್ತು ವುಜೂ ಮಾಡುವವರು, ಜಿಡ್ಡು ಹೋಗಲೆಂದು ಪ್ರತಿ ಸಲ ಸಾಬೂನು ಹಾಕಿ ಉಜ್ಜುತ್ತಾರೆ. ಇದರಿಂದ ಚರ್ಮ ಇನ್ನಷ್ಟು ಒಣಗುತ್ತದೆ. ಮುಲಾಮನ್ನು ದಿನಕ್ಕೊಮ್ಮೆ ಹಚ್ಚಿದರೆ ಸಾಕೇ ಎಂದು ವೈದ್ಯರನ್ನು ಕೇಳಿ, ಸಾಕೆಂದರೆ ಇಶಾ ನಮಾಜಿನ ನಂತರವೇ ಸಮಯ ಇಟ್ಟುಕೊಳ್ಳಿ. ಉಳಿದ ಹೊತ್ತು ವುಜೂ ಮುಗಿಸಿ, ನೀರನ್ನು ಉಜ್ಜದೆ ಒತ್ತಿ ಒರೆಸಿ, ತೆಳುವಾಗಿ ಜಿಡ್ಡು ಸವರಿದರಾಯಿತು. ಮಸಲೆಯ ಪ್ರಶ್ನೆ ಇದ್ದರೆ ಆಲಿಮರನ್ನು ಕೇಳಿ, ಅದು ನನ್ನ ಕ್ಷೇತ್ರವಲ್ಲ. ತಾಯಂದಿರಿಗೆ ಒಂದು ಎಚ್ಚರಿಕೆ: ಜಿಡ್ಡು ಹೀರಿ ಒಣಗಿದ ಬಟ್ಟೆ ಬೇಗ ಬೆಂಕಿ ಹಿಡಿಯುತ್ತದೆ. ಒಲೆಯ ಮುಂದೆ ಕೂರುವ ಮುನ್ನ ಬಟ್ಟೆ ಬದಲಿಸಿ.

ಹಚ್ಚಿದ ಮೇಲೆ ಕೈ ತೊಳೆಯಿರಿ, ಇಲ್ಲವಾದರೆ ಅದೇ ಕೈ ಕಣ್ಣಿಗೆ ಹೋಗುತ್ತದೆ. ಕ್ಯಾಲ್ಸಿಪೋಟ್ರಿಯಾಲ್ ಬಳಸುವವರು ಅದರ ಜೊತೆಗೆ ಸ್ಯಾಲಿಸಿಲಿಕ್ ಆಮ್ಲದ ಮುಲಾಮು ಸೇರಿಸಬಾರದು, ಸೇರಿಸಿದರೆ ಮೊದಲನೆಯದು ಕೆಲಸಕ್ಕೆ ಬಾರದು. ಟ್ಯೂಬನ್ನು ಮೋಟಾರ್ ಸೈಕಲ್ಲಿನ ಡಿಕ್ಕಿಯಲ್ಲಿ ಇಡಬೇಡಿ, ನಮ್ಮ ಏಪ್ರಿಲ್ ಬಿಸಿಲು ಗೊತ್ತಲ್ಲ. ಗರ್ಭಿಣಿಯರು, ಹಾಲುಣಿಸುವವರು ಚಿಕಿತ್ಸೆಗೆ ಮೊದಲೇ ವೈದ್ಯರಿಗೆ ಆ ವಿಷಯ ಹೇಳಬೇಕು. ಬೇರೆ ರೋಗಕ್ಕೆ ನುಂಗುವ ಮಾತ್ರೆಗಳ ಪಟ್ಟಿಯನ್ನೂ ಒಯ್ಯಿರಿ, ಬಿ.ಪಿ.ಯ ಕೆಲವು ಮಾತ್ರೆಗಳು, ಮಲೇರಿಯಾದ ಕ್ಲೋರೋಕ್ವಿನ್, ಮನೋರೋಗದ ಲಿಥಿಯಂ ಸೋರಿಯಾಸಿಸ್ ಕೆರಳಿಸಬಲ್ಲವು. ಬೆಳಿಗ್ಗೆ ಎದ್ದಾಗ ಬೆರಳು ಬಿಗಿದು ಊದಿಕೊಂಡರೆ, ಹಿಮ್ಮಡಿ ನೋಯುತ್ತಿದ್ದರೆ ಮುಲಾಮು ಸಾಲದು. ಈ ರೋಗ ಕೀಲಿಗೂ ಇಳಿಯುತ್ತದೆ, ಅದಕ್ಕೆ ಮಾತ್ರೆ ಬೇಕು. ಮೆಥೊಟ್ರೆಕ್ಸೇಟ್ ಬರೆದುಕೊಟ್ಟರೆ ಅದು ವಾರಕ್ಕೆ ಒಂದೇ ದಿನ. ದಿನವೂ ನುಂಗಿ ಪ್ರಾಣ ಕಳೆದುಕೊಂಡವರುಂಟು.

ದೂರ ಹೋಗಬೇಕಾಗಿಲ್ಲ. ವಿಜಯಪುರದಲ್ಲೇ ಎರಡು ವೈದ್ಯಕೀಯ ಕಾಲೇಜುಗಳಿವೆ: 1984ರ ಅಲ್-ಅಮೀನ್, 1986ರ ಬಿ.ಎಲ್.ಡಿ.ಇ. ಟಿಕೋಟಾದವರಿಗಂತೂ ಅಲ್-ಅಮೀನ್ ಅಥಣಿ ರಸ್ತೆಯಲ್ಲೇ, ದಾರಿಯಲ್ಲೇ ಸಿಗುತ್ತದೆ. ಸರ್ಕಾರಿ ಜಿಲ್ಲಾ ಆಸ್ಪತ್ರೆಯೂ ಇದೆ. ಹೋಗುವಾಗ ಈವರೆಗೆ ಹಚ್ಚಿದ ಎಲ್ಲ ಟ್ಯೂಬುಗಳನ್ನು, ಖಾಲಿಯಾದದ್ದನ್ನೂ ಸೇರಿಸಿ, ಒಂದು ಚೀಲದಲ್ಲಿ ಹಾಕಿ ಒಯ್ಯಿರಿ. "ಬಿಳಿ ಮುಲಾಮು, ನೀಲಿ ಡಬ್ಬಿ" ಎಂದರೆ ಯಾವ ವೈದ್ಯರಿಗೂ ತಿಳಿಯುವುದಿಲ್ಲ.

ಈಗ ಪ್ರಶ್ನೆಗಳಿಗೆ ಸಮಯವಿದೆ. ಎದ್ದು ನಿಂತು ಕೇಳಲು ಸಂಕೋಚವಿದ್ದವರು ಚೀಟಿಯಲ್ಲಿ ಬರೆದು ಕಳಿಸಿ, ಹೆಸರು ಬರೆಯಬೇಕಾಗಿಲ್ಲ. ಹೆಣ್ಣುಮಕ್ಕಳ ಚೀಟಿಗಳನ್ನು ಮೊದಲು ಓದುತ್ತೇನೆ.