ಆನ್‌ಲೈನ್ ಹರಾಜಿನಲ್ಲಿ ಹುಸಿ ಸವಾಲು: ಲಾಭವೋ, ಮೋಸವೋ?

(ರೈತರು ಮತ್ತು ವಿಸ್ತರಣಾ ಕಾರ್ಯಕರ್ತರ ತರಬೇತಿ ಶಿಬಿರದಲ್ಲಿ ನೀಡಿದ ಉಪನ್ಯಾಸದ ಪಾಠ)



ಬಿತ್ತನೆಯಿಂದ ಕೊಯ್ಲಿನವರೆಗೆ ರೈತನು ಪಡುವ ಶ್ರಮ ಹಲವು ತಿಂಗಳುಗಳದ್ದು. ಆ ಶ್ರಮಕ್ಕೆ ಬೆಲೆ ಕಟ್ಟುವುದು ಮಾತ್ರ ಮಾರುಕಟ್ಟೆಯಲ್ಲಿ ಕೆಲವೇ ನಿಮಿಷಗಳ ಕೆಲಸ. ಬೀಜ, ಗೊಬ್ಬರ, ಕೀಟ, ರೋಗಗಳ ಬಗ್ಗೆ ಎಷ್ಟೇ ತಿಳಿವಳಿಕೆ ಇದ್ದರೂ ಆ ಕೆಲವು ನಿಮಿಷಗಳಲ್ಲಿ ಏನು ನಡೆಯುತ್ತದೆಂಬುದು ತಿಳಿಯದಿದ್ದರೆ ಹೊಲದಲ್ಲಿ ಗಳಿಸಿದ್ದು ಪೇಟೆಯಲ್ಲಿ ಸೋರಿಹೋಗಬಹುದು.

ಹಿಂದೆ ದನದ ಜಾತ್ರೆಗಳಲ್ಲಿ ವಸ್ತ್ರದ ಮರೆಯಲ್ಲಿ ಬೆರಳು ಹಿಡಿದು ಬೆಲೆ ಗೊತ್ತುಮಾಡುತ್ತಿದ್ದುದನ್ನು ಹಿರಿಯರು ಬಲ್ಲರು. ಹುಟ್ಟುವಳಿಯ ಪೇಟೆಗಳಲ್ಲಿಯೂ ಈ ಗುಟ್ಟಿನ ವ್ಯಾಪಾರವಿತ್ತು. ಬೆಲೆ ಎಷ್ಟೆಂದು ಕೊಳ್ಳುವವನಿಗೂ ದಲಾಲನಿಗೂ ಗೊತ್ತು, ಬೆಳೆದವನಿಗೆ ಗೊತ್ತಿಲ್ಲ. ಇದನ್ನು ತಪ್ಪಿಸಲೆಂದೇ ನಿಯಂತ್ರಿತ ಮಾರುಕಟ್ಟೆಗಳು ಬಂದವು. ಕರ್ನಾಟಕದಲ್ಲಿ 1966ರ ಕೃಷಿ ಹುಟ್ಟುವಳಿ ಮಾರುಕಟ್ಟೆ ಕಾಯಿದೆ ಬಹಿರಂಗ ಹರಾಜು, ಟೆಂಡರ್, ಸರಿಯಾದ ತೂಕ ಇವುಗಳಿಗೆ ನೆಲೆ ಒದಗಿಸಿತು. 2014ರಲ್ಲಿ ಏಕೀಕೃತ ಮಾರುಕಟ್ಟೆ ವೇದಿಕೆ ರಾಜ್ಯದಲ್ಲಿ ಆರಂಭವಾಗಿ ಟೆಂಡರ್ ಕಂಪ್ಯೂಟರಿಗೆ ಬಂತು. 2016ರ ಏಪ್ರಿಲ್ 14ರಂದು ರಾಷ್ಟ್ರೀಯ ಕೃಷಿ ಮಾರುಕಟ್ಟೆ, ಅಂದರೆ ಇ-ನಾಮ್, ಆರಂಭಗೊಂಡಿತು. ಇವುಗಳ ಉದ್ದೇಶ ಒಂದೇ: ಒಂದು ಲಾಟಿಗೆ ಹೆಚ್ಚು ಮಂದಿ ಕೊಳ್ಳುವವರು ಬರಬೇಕು, ದೂರದ ಊರಿನವನೂ ಸವಾಲಿನಲ್ಲಿ ಭಾಗವಹಿಸಬೇಕು.

ಇದರಿಂದ ಪ್ರಯೋಜನವಾಗಿಲ್ಲವೆನ್ನಲಾಗದು. ಕರ್ನಾಟಕದ ವ್ಯವಸ್ಥೆಯನ್ನು ಕುರಿತು 2020ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಭತ್ತ, ಶೇಂಗಾ ಮತ್ತು ಮೆಕ್ಕೆಜೋಳದ ಬೆಲೆ ಸರಾಸರಿ ಶೇ. 3.5ರಿಂದ 5ರಷ್ಟು ಏರಿದ್ದು ಕಂಡುಬಂತು. ಆದರೆ ಎಲ್ಲ ಬೆಳೆಗಳಲ್ಲಿಯೂ ಇಂಥ ಏರಿಕೆ ಕಾಣಲಿಲ್ಲ. ಯಂತ್ರವು ಸವಾಲುಗಳನ್ನು ಕೂಡಿಸಿ ತೋರಿಸಬಲ್ಲದು. ಸವಾಲು ಹಾಕುವವನ ಮನಸ್ಸಿನ ಪ್ರಾಮಾಣಿಕತೆಯನ್ನು ಅದು ತಂದುಕೊಡಲಾರದು.

ಹುಸಿ ಸವಾಲು ಎಂದರೇನು?

ಕೊಳ್ಳುವ ಉದ್ದೇಶವಿಲ್ಲದೆ, ಇನ್ನೊಬ್ಬರ ಕಣ್ಣಿಗೆ ಮಣ್ಣೆರಚಲು ಹಾಕುವ ಸವಾಲೇ ಹುಸಿ ಸವಾಲು. ಇದರಲ್ಲಿ ಮೂರು ಬಗೆಗಳನ್ನು ಗುರುತಿಸಬಹುದು.

ಮೊದಲನೆಯದು ಏರಿಸುವ ಸವಾಲು. ಮಾರುವವನೋ, ಅವನ ಪರವಾಗಿ ಬೇರೊಬ್ಬನೋ ತನ್ನ ಮಾಲಿಗೆ ತಾನೇ ಸವಾಲು ಹಾಕಿ ನಿಜವಾದ ಕೊಳ್ಳುವವನನ್ನು ಮೇಲಕ್ಕೆ ತಳ್ಳುವುದು. ಮುಚ್ಚಿದ ಟೆಂಡರಿನಲ್ಲಿ ಒಬ್ಬರ ದರ ಇನ್ನೊಬ್ಬರಿಗೆ ಕಾಣದ ಕಾರಣ ಇದು ಬಾಯಿಮಾತಿನ ರೂಪ ತಾಳುತ್ತದೆ. ‘ಈಗಾಗಲೇ ಇಷ್ಟು ಬರೆದವರಿದ್ದಾರೆ’ ಎಂಬ ಸುಳ್ಳು ಸುದ್ದಿಯೂ ಹುಸಿ ಸವಾಲೇ.

ಎರಡನೆಯದು ತಗ್ಗಿಸುವ ಸವಾಲು. ಖರೀದಿದಾರರು ಒಳಗೊಳಗೇ ಮಾತಾಡಿಕೊಂಡು ಒಬ್ಬನಿಗೆ ಲಾಟು ಬಿಟ್ಟುಕೊಡುತ್ತಾರೆ. ಉಳಿದವರು ಹೆಸರಿಗೆ ಮಾತ್ರ ಕಡಿಮೆ ದರ ಬರೆಯುತ್ತಾರೆ. ಪರದೆಯ ಮೇಲೆ ಐದು ಸವಾಲುಗಳು ಕಾಣುತ್ತವೆ. ನಿಜವಾದ ಸವಾಲು ಒಂದೇ.

ಮೂರನೆಯದು ಗೆದ್ದು ಜಾರುವ ಸವಾಲು. ಎಲ್ಲರಿಗಿಂತ ಹೆಚ್ಚು ಬರೆದು ಲಾಟನ್ನು ಹಿಡಿದುಕೊಂಡು, ತೂಕದ ವೇಳೆಗೆ ತೇವ ಹೆಚ್ಚು, ಬಣ್ಣ ಕಡಿಮೆ ಎಂದು ತಗಾದೆ ತೆಗೆದು ದರ ಇಳಿಸುವುದು. ಅಷ್ಟು ಹೊತ್ತಿಗೆ ಬೇರೆ ಖರೀದಿದಾರರು ಹೋಗಿರುತ್ತಾರೆ, ಬಾಡಿಗೆ ಗಾಡಿ ಕಾಯುತ್ತಿರುತ್ತದೆ, ರೈತನ ಕೈ ಕಟ್ಟಿದಂತಾಗುತ್ತದೆ.

ಎರಡನೆಯ ಮತ್ತು ಮೂರನೆಯ ಬಗೆಗಳು ರೈತನಿಗೆ ಕೆಡುಕೆಂದು ಯಾರಾದರೂ ಒಪ್ಪುತ್ತಾರೆ. ಯೋಚಿಸಬೇಕಾದದ್ದು ಮೊದಲನೆಯದನ್ನು ಕುರಿತು. ಏಕೆಂದರೆ ಅದು ರೈತನ ಲಾಭಕ್ಕೆಂದೇ ಮಾಡಿದಂತೆ ಕಾಣುತ್ತದೆ. ಹಾವೇರಿ ಕಡೆಯ ಮಾತಿನಲ್ಲಿ ಹೇಳುವುದಾದರೆ ಅದರ ಧಾಟಿ ಹೀಗಿರುತ್ತದೆ:

“ಗೌಡ್ರ, ನೀವು ಸುಮ್ನ ಕುಂದರ್ರಿ. ನಮ್ಮ ಹುಡುಗ ಎರಡು ಸಲ ಏರಿಸ್ತಾನ, ರೇಟು ತಾನ ಬರ್ತೈತಿ.”

“ಸಾವ್ಕಾರ್ರ, ಅದು ಸರಿ ಅಲ್ಲ ಅನಸ್ತೈತ್ರಿ.”

“ಅವ್ರು ನಿಮಗ ಮೋಸ ಮಾಡೂದು ಸರಿ ಏನ್ರಿ ಮತ್ತ?”

ಈ ಪ್ರಶ್ನೆಯನ್ನು ತಳ್ಳಿಹಾಕಬಾರದು. ವರ್ಷಗಟ್ಟಲೆ ಪೇಟೆಯಲ್ಲಿ ಸೋತವನ ನೋವು ಅದರಲ್ಲಿದೆ. ಆದ್ದರಿಂದ ಉಪದೇಶಕ್ಕಿಂತ ಮೊದಲು ಲೆಕ್ಕ ಹಾಕಿ ನೋಡುವುದು ಒಳ್ಳೆಯದು.

ಲೆಕ್ಕ ಏನು ಹೇಳುತ್ತದೆ?

ಉದಾಹರಣೆಗೆ, 20 ಕ್ವಿಂಟಲ್ ಒಣಮೆಣಸಿನಕಾಯಿಯ ಒಂದು ಲಾಟು ತೆರೆದ ಹರಾಜಿಗೆ ಬಂದಿದೆಯೆಂದು ಭಾವಿಸೋಣ. ಒಬ್ಬ ಖರೀದಿದಾರ ಕ್ವಿಂಟಲಿಗೆ 20,000 ರೂಪಾಯಿವರೆಗೆ ಕೊಡಲು ಸಿದ್ಧ. ಇನ್ನೊಬ್ಬ 18,500 ರೂಪಾಯಿವರೆಗೆ. ಹುಸಿ ಸವಾಲಿಲ್ಲದಿದ್ದರೆ ಎರಡನೆಯವನು ನಿಂತುಬಿಡುವುದರಿಂದ ಹರಾಜು ಸುಮಾರು 18,600ಕ್ಕೆ ಮುಗಿಯುತ್ತದೆ. ಅಡತಿ ಅಂಗಡಿಯ ಹುಡುಗ 19,900ರವರೆಗೆ ಏರಿಸಿದರೆ ಮೊದಲನೆಯವನು 20,000 ಕೊಡುತ್ತಾನೆ. ಕ್ವಿಂಟಲಿಗೆ 1,400ರಂತೆ ರೈತನಿಗೆ 28,000 ರೂಪಾಯಿ ಹೆಚ್ಚು ದೊರೆಯಿತು.

ಈಗ ಅದೇ ಹುಡುಗ ಇನ್ನೊಂದು ಹೆಜ್ಜೆ ಮುಂದೆ ಹೋಗಿ 20,100 ಕೂಗಿದನೆನ್ನಿ. ನಿಜವಾದ ಖರೀದಿದಾರ ಹಿಂದೆ ಸರಿಯುತ್ತಾನೆ. ಲಾಟು ಕೊಳ್ಳುವ ಮನಸ್ಸಿಲ್ಲದವನ ಹೆಸರಿಗೆ ನಿಲ್ಲುತ್ತದೆ. ಮರುದಿನ ಅದೇ ಮಾಲು 18,000ಕ್ಕೆ ಹೋದರೆ ಪ್ರಾಮಾಣಿಕ ಹರಾಜಿಗಿಂತ 12,000 ರೂಪಾಯಿ ಕಡಿಮೆಯಾಯಿತು. ಹಮಾಲಿ, ಬಾಡಿಗೆ, ಒಣಗಿ ಕಡಿಮೆಯಾದ ತೂಕ ಬೇರೆ. ಎಲ್ಲಿ ನಿಲ್ಲಬೇಕೆಂಬುದು ಹುಸಿ ಸವಾಲುಗಾರನಿಗೆ ತಿಳಿಯದು. ಅತಿ ಆಸೆ ಗತಿಗೇಡು ಎಂಬುದು ಇಲ್ಲಿ ಬರಿಯ ಗಾದೆಯಲ್ಲ, ಲೆಕ್ಕವೇ ಆಗುತ್ತದೆ.

ಇನ್ನೂ ದೊಡ್ಡ ನಷ್ಟ ನಿಧಾನವಾಗಿ ಬರುತ್ತದೆ. ಚೀಲದೊಳಗಿನ ಪ್ರತಿಯೊಂದು ಕಾಯಿಯನ್ನೂ ಕೊಳ್ಳುವವನು ನೋಡಲಾರ. ದೂರದಿಂದ ಆನ್‌ಲೈನಿನಲ್ಲಿ ಕೊಳ್ಳುವವನಂತೂ ನೋಡುವುದು ಇನ್ನೂ ಕಡಿಮೆ. ಆದುದರಿಂದ ಇತರರ ಸವಾಲು ಅವನಿಗೆ ಮಾಲಿನ ಯೋಗ್ಯತೆಯ ಒಂದು ಸಾಕ್ಷಿ. ಹರಾಜಿನ ಸಿದ್ಧಾಂತವನ್ನು ಬೆಳೆಸಿದ್ದಕ್ಕಾಗಿ 2020ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಹುಮಾನ ಪಡೆದ ಪಾಲ್ ಮಿಲ್‌ಗ್ರಾಂ ಮತ್ತು ರಾಬರ್ಟ್ ವಿಲ್ಸನ್ ಅವರು ವಿವರಿಸಿದ ಮುಖ್ಯ ಸಂಗತಿಗಳಲ್ಲಿ ಇದೂ ಒಂದು. ಆ ಸಾಕ್ಷಿ ಸುಳ್ಳೆಂಬ ಅನುಮಾನ ಹುಟ್ಟಿದರೆ ಅವನು ಪ್ರತಿಯೊಂದು ಲಾಟಿನಲ್ಲಿಯೂ ‘ಅನುಮಾನದ ಕಡಿತ’ ಹಾಕಿ ಬರೆಯುತ್ತಾನೆ, ಇಲ್ಲವೇ ಆ ಪೇಟೆಯನ್ನೇ ಬಿಡುತ್ತಾನೆ. ಒಬ್ಬ ರೈತ ಪಡೆದ 28,000 ರೂಪಾಯಿಯನ್ನು ಅದೇ ಪ್ರಾಂಗಣದ ನೂರು ಮಂದಿ ರೈತರು ಸ್ವಲ್ಪಸ್ವಲ್ಪವಾಗಿ ತೆರಬೇಕಾಗುತ್ತದೆ.

ಮುಳ್ಳನ್ನು ಮುಳ್ಳಿನಿಂದಲೇ ತೆಗೆಯಬಹುದೇ?

ಖರೀದಿದಾರರು ಕೂಟ ಕಟ್ಟಿಕೊಂಡಿರುವಾಗ ಹುಸಿಗೆ ಹುಸಿಯೇ ಮದ್ದಲ್ಲವೇ ಎಂಬ ವಾದ ಉಂಟು. ಆದರೆ ಈ ಮದ್ದು ರೋಗಿಗೆ ತಾಗುವುದಿಲ್ಲ. ಕೂಟದವರಿಗೆ ಪ್ರಾಂಗಣದ ಪ್ರತಿಯೊಬ್ಬ ಖರೀದಿದಾರನೂ ಪರಿಚಿತ. ಹೊಸ ಹೆಸರಿನ ಸವಾಲು ಬಂದೊಡನೆ ಅವರು ಕೈ ಹಿಂದೆಗೆದು ಲಾಟನ್ನು ಹುಸಿಗಾರನ ತಲೆಗೆ ಕಟ್ಟುತ್ತಾರೆ. ಬಲೆಗೆ ಬೀಳುವವನು ಕೂಟಕ್ಕೆ ಸೇರದ, ಪ್ರಾಮಾಣಿಕವಾಗಿ ಬರೆಯುವ ಹೊರಗಿನ ಖರೀದಿದಾರ. ಕೂಟವನ್ನು ಮುರಿಯಬಲ್ಲವನು ಅವನೊಬ್ಬನೇ. ಅವನನ್ನೇ ಓಡಿಸಿದರೆ ಕೂಟ ಇನ್ನಷ್ಟು ಬಲಗೊಳ್ಳುತ್ತದೆ.

ಇನ್ನೊಂದು ವಿಷಯ: ಹುಸಿ ಸವಾಲಿನ ಕೀಲಿ ರೈತನ ಕೈಯಲ್ಲಿಲ್ಲ, ಮಧ್ಯವರ್ತಿಯ ಕೈಯಲ್ಲಿದೆ. ಇಂದು ಏರಿಸಬಲ್ಲವನು ನಾಳೆ ಇಳಿಸಲೂ ಬಲ್ಲ. ಸಾಲದ ಹಂಗಿನಲ್ಲಿರುವ ರೈತನ ಲಾಟಿಗೆ ಯಾವ ದಿಕ್ಕಿನ ಸವಾಲು ಬೀಳುತ್ತದೆಂದು ಯಾರು ಹೇಳಬಲ್ಲರು?

ಕಾನೂನು ಏನೆನ್ನುತ್ತದೆ?

ಇದು ಬರಿಯ ನೀತಿಯ ಮಾತಲ್ಲ. 1930ರ ಸರಕುಗಳ ಮಾರಾಟ ಕಾಯಿದೆಯ 64ನೆಯ ಪ್ರಕರಣ ಹರಾಜನ್ನು ಕುರಿತದ್ದು. ಮಾರುವವನು ಸವಾಲು ಹಾಕುವ ಹಕ್ಕನ್ನು ಮುಂಚಿತವಾಗಿ ಪ್ರಕಟಿಸಿ ಉಳಿಸಿಕೊಂಡಿರದಿದ್ದರೆ ತಾನೇ ಸವಾಲು ಹಾಕುವುದಾಗಲಿ, ಬೇರೊಬ್ಬನಿಂದ ಹಾಕಿಸುವುದಾಗಲಿ ಕಾನೂನುಸಮ್ಮತವಲ್ಲ. ಹಾಗೆ ಮಾಡಿದರೆ ಕೊಂಡವನು ಆ ಮಾರಾಟವನ್ನು ವಂಚನೆಯೆಂದು ಪರಿಗಣಿಸಬಹುದು. ಬೆಲೆ ಏರಿಸಲು ನಟನೆಯ ಸವಾಲು ಬಳಸಿದ್ದರೆ ಮಾರಾಟವನ್ನು ರದ್ದುಪಡಿಸುವ ಆಯ್ಕೆಯೂ ಅವನಿಗುಂಟು. ಅದೇ ಪ್ರಕರಣವು ಮಾರುವವನಿಗೆ ಒಂದು ನೇರವಾದ ದಾರಿಯನ್ನೂ ಕೊಟ್ಟಿದೆ: ಇಂತಿಷ್ಟು ಕನಿಷ್ಠ ಬೆಲೆಗೆ ಒಳಪಟ್ಟು ಮಾರಾಟವೆಂದು ಮೊದಲೇ ತಿಳಿಸಬಹುದು. ಖರೀದಿದಾರರ ಕೂಟಕ್ಕೂ ಕಾನೂನಿನ ಅಂಕುಶವಿದೆ. 2002ರ ಸ್ಪರ್ಧಾ ಕಾಯಿದೆಯ 3ನೆಯ ಪ್ರಕರಣವು ಸವಾಲಿನಲ್ಲಿ ಒಳಒಪ್ಪಂದ ಮಾಡಿಕೊಳ್ಳುವುದನ್ನು ಸ್ಪರ್ಧೆಗೆ ಮಾರಕವೆಂದೇ ಭಾವಿಸುತ್ತದೆ.

ಪರದೆಯ ಹಿಂದೆ ಅಡಗಿದರೆ ಸಿಕ್ಕಿಬೀಳುವುದಿಲ್ಲವೆಂಬುದೂ ಭ್ರಮೆ. ಅಮೆರಿಕದಲ್ಲಿ 2000ದ ಮೇ ತಿಂಗಳಲ್ಲಿ ಇ-ಬೇ ಎಂಬ ಆನ್‌ಲೈನ್ ಹರಾಜಿನಲ್ಲಿ ಒಂದು ವರ್ಣಚಿತ್ರಕ್ಕೆ 1,35,805 ಡಾಲರ್ ಸವಾಲು ಬಂತು. ಮಾರುವವನೂ ಅವನ ಜೊತೆಗಾರರೂ ಬೇರೆ ಬೇರೆ ಹೆಸರುಗಳಲ್ಲಿ ಸವಾಲು ಹಾಕಿದ್ದು ಬಯಲಾಯಿತು, ಮಾರಾಟ ರದ್ದಾಯಿತು. 2001ರಲ್ಲಿ ಮೂವರ ಮೇಲೆ ಮೊಕದ್ದಮೆ ಹೂಡಲಾಗಿ, ಇಬ್ಬರು ತಪ್ಪೊಪ್ಪಿಕೊಂಡರು. ಬಾಯಲ್ಲಿ ಕೂಗಿದ ಸವಾಲು ಗಾಳಿಯಲ್ಲಿ ಹೋಗುತ್ತದೆ. ಕಂಪ್ಯೂಟರಿನ ಸವಾಲು ದಾಖಲೆಯಾಗಿ ಉಳಿಯುತ್ತದೆ.

ಚೀಲದೊಳಗಿನ ಹುಸಿ

ಇಲ್ಲಿ ಒಂದು ಕಹಿ ಮಾತನ್ನೂ ಹೇಳಬೇಕಾಗಿದೆ. ತೂಕ ಬರಲೆಂದು ಒಣಮೆಣಸಿನಕಾಯಿಗೆ ನೀರು ಚಿಮುಕಿಸುವುದು, ಮೇಲೆ ಒಳ್ಳೆಯ ಕಾಯಿ ಹರಡಿ ತಳದಲ್ಲಿ ಬಿಳಿಗಾಯಿ ತುಂಬುವುದು, ಹಳೆಯ ಮಾಲನ್ನು ಹೊಸದರಲ್ಲಿ ಬೆರೆಸುವುದು, ಇವೂ ಹುಸಿ ಸವಾಲಿನ ಸೋದರರೇ. ಅಲ್ಲಿ ಬೆಲೆ ಸುಳ್ಳು, ಇಲ್ಲಿ ಮಾಲು ಸುಳ್ಳು. ಗೆದ್ದು ಜಾರುವ ಖರೀದಿದಾರನಿಗೆ ನೆಪ ಒದಗಿಸುವುದೂ ಇಂಥ ಚೀಲಗಳೇ. ಒದ್ದೆಯಾದ ಕಾಯಿಗೆ ಬೂಷ್ಟು ಹತ್ತಿ ಅಫ್ಲಾಟಾಕ್ಸಿನ್ ಎಂಬ ವಿಷ ಸೇರುವ ಅಪಾಯ ಬೇರೆ. ಕಡುಗೆಂಪು ಬಣ್ಣ ಮತ್ತು ಕಡಿಮೆ ಖಾರಕ್ಕೆ ಹೆಸರಾಗಿ 2011ರಲ್ಲಿ ಭೌಗೋಳಿಕ ಗುರುತು ಪಡೆದ ಬ್ಯಾಡಗಿ ಮೆಣಸಿನಕಾಯಿಯಂಥ ಬೆಳೆಗೆ ಹೆಸರೇ ಬಂಡವಾಳ.

ರೈತರು ಅನುಸರಿಸಬೇಕಾದ ಕ್ರಮಗಳು

1. ಮಾಲನ್ನು ತೇವಾಂಶ ಶೇ. 10ರ ಆಸುಪಾಸಿಗೆ ಬರುವಂತೆ ಒಣಗಿಸಿ, ದರ್ಜೆವಾರು ಬೇರ್ಪಡಿಸಿ, ಪ್ರತಿ ದರ್ಜೆಗೂ ಪ್ರತ್ಯೇಕ ಲಾಟು ಮಾಡಬೇಕು.

2. ಮನೆ ಬಿಡುವ ಮೊದಲೇ ಖರ್ಚಿನ ಲೆಕ್ಕ ಹಾಕಿ, ಇದಕ್ಕಿಂತ ಕಡಿಮೆಗೆ ಕೊಡುವುದಿಲ್ಲವೆಂಬ ದರವನ್ನು ನಿಶ್ಚಯಿಸಿಕೊಳ್ಳಬೇಕು. ಟೆಂಡರಿನ ದರ ಒಪ್ಪಿಗೆಯಾಗದಿದ್ದರೆ ನಿರಾಕರಿಸುವ ಹಕ್ಕು ರೈತನಿಗುಂಟು. ಈ ಹಕ್ಕಿದ್ದವನಿಗೆ ಹುಸಿ ಸವಾಲಿನ ಅಗತ್ಯವಿಲ್ಲ.

3. ನಿರಾಕರಿಸಲು ತಾಳುವ ಶಕ್ತಿ ಬೇಕು. ಉಗ್ರಾಣದ ರಸೀದಿಯ ಮೇಲೆ ದೊರೆಯುವ ಅಡಮಾನ ಸಾಲದ ವಿವರವನ್ನು ಸುಗ್ಗಿಗೆ ಮೊದಲೇ ವಿಚಾರಿಸಿಟ್ಟುಕೊಳ್ಳಬೇಕು.

4. ಲಾಟ್ ಸಂಖ್ಯೆ, ಗೆದ್ದ ದರ, ಗೆದ್ದವನ ಹೆಸರು ಇವುಗಳ ದಾಖಲೆಯನ್ನೂ ಮೊಬೈಲಿಗೆ ಬಂದ ಸಂದೇಶವನ್ನೂ ಹಣ ಕೈಸೇರುವವರೆಗೆ ಜೋಪಾನ ಮಾಡಬೇಕು. ತೂಕದ ವೇಳೆ ದರ ಇಳಿಸಿದರೆ ಮಾಲು ಅಲ್ಲಿಂದ ಕದಲುವ ಮುನ್ನವೇ ಮಾರುಕಟ್ಟೆ ಸಮಿತಿಗೆ ಲಿಖಿತ ದೂರು ಕೊಡಬೇಕು.

5. ಒಬ್ಬೊಬ್ಬರೇ ಹೋಗುವುದಕ್ಕಿಂತ ರೈತ ಉತ್ಪಾದಕ ಸಂಸ್ಥೆಯ ಮೂಲಕ ದೊಡ್ಡ, ಏಕರೂಪದ ಲಾಟು ಮಾಡಿದರೆ ದೂರದ ಖರೀದಿದಾರರಿಗೂ ಕೊಳ್ಳಲು ಅನುಕೂಲ.

ವಿಸ್ತರಣಾ ಕಾರ್ಯಕರ್ತರು ರೈತರಿಗೆ ದಾಖಲೆ ಓದುವುದನ್ನು ಕಲಿಸಬೇಕು. ಒಂದೇ ಅಂಗಡಿಯ ಲಾಟುಗಳಿಗೆ ಮಾತ್ರ ಸವಾಲು ಏರಿಸಿ ಎಂದೂ ಕೊಳ್ಳದ ಹೆಸರು, ಸರದಿಯಂತೆ ಗೆಲ್ಲುವ ಹೆಸರುಗಳು, ಪದೇ ಪದೇ ರದ್ದಾಗುವ ಖರೀದಿ, ಇವು ಅನುಮಾನಕ್ಕೆ ಎಡೆಕೊಡುವ ಗುರುತುಗಳು. ಮಾರುಕಟ್ಟೆ ಸಮಿತಿಯು ಇವನ್ನು ಕಾಲಕಾಲಕ್ಕೆ ಪರಿಶೀಲಿಸಿ ತಪ್ಪಿತಸ್ಥರ ಲೈಸೆನ್ಸಿನ ಮೇಲೆ ಕ್ರಮ ಕೈಗೊಂಡರೆ ಉಳಿದವರಿಗೆ ಎಚ್ಚರಿಕೆಯಾಗುತ್ತದೆ.

ರೈತ ಬಾಂಧವರೇ, ವಸ್ತ್ರದ ಮರೆಯ ವ್ಯಾಪಾರದಿಂದ ಹೊರಬರಲು ಬಹಳ ಕಾಲ ಹಿಡಿಯಿತು. ಇನ್ನೊಬ್ಬನ ಹೆಸರಿನಲ್ಲಿ ಪರದೆಯ ಮೇಲೆ ಸುಳ್ಳು ದರ ಬರೆಸುವುದೆಂದರೆ ಆ ವಸ್ತ್ರವನ್ನು ಮತ್ತೆ ಹೊದಿಸಿದಂತೆ. “ಅವರು ಮೋಸ ಮಾಡುವುದು ಸರಿಯೇ?” ಎಂಬ ಪ್ರಶ್ನೆಗೆ ಉತ್ತರ, “ಸರಿಯಲ್ಲ, ಅದಕ್ಕೇ ದೂರು ಕೊಡಬೇಕು” ಎಂಬುದು. ಹುಸಿ ಸವಾಲು ಹಾಕಿಸಿದ ರೈತನು ಆ ದೂರು ಕೊಡುವ ಬಾಯನ್ನೇ ಕಳೆದುಕೊಳ್ಳುತ್ತಾನೆ. ಒಣಗಿಸಿದ ಮಾಲು, ಬರೆದಿಟ್ಟ ಲೆಕ್ಕ, ಬೇಡವೆನ್ನುವ ಧೈರ್ಯ ಇವು ಮೂರು ಇದ್ದರೆ ರೈತನು ಹರಾಜು ಕಟ್ಟೆಯ ಮುಂದೆ ತಲೆಯೆತ್ತಿ ನಿಲ್ಲಬಹುದು.