ಒಂದೇ ಮನೆಯಲ್ಲಿ ಸ್ವದೇಶಿ, ಪರದೇಶಿ
ಒಬ್ಬ ತಾಯಿಗೆ, ಒಬ್ಬ ತಂದೆಗೆ ಹುಟ್ಟಿದ ಮೂರು ಮಕ್ಕಳು. ಮೊದಲನೆಯದು ಸ್ವದೇಶಿ, ಉಳಿದೆರಡು ಪರದೇಶಿ. ಹೀಗೂ ಉಂಟೇ ಎಂದೀರಿ. ಆಫ್ರಿಕಾದ ಬೋಟ್ಸ್ವಾನಾದಲ್ಲಿ ಇತ್ತು.

ಅಲ್ಲಿನ ವಕೀಲರಾದ ಯೂನಿಟಿ ಡೌ ಎಂಬಾಕೆ 1984ರಲ್ಲಿ ಅಮೆರಿಕದವರೊಬ್ಬರನ್ನು ಲಗ್ನವಾದರು. ಲಗ್ನಕ್ಕೆ ಮುಂಚೆ, 1979ರಲ್ಲಿ ಹುಟ್ಟಿದ ಮಗುವಿಗೆ ತಾಯಿಯ ಪೌರತ್ವ ಬಂತು. 1985 ಮತ್ತು 1987ರಲ್ಲಿ ಹುಟ್ಟಿದವಕ್ಕೆ ಬರಲಿಲ್ಲ. ಲಗ್ನವಾದ ಹೆಂಗಸಿನ ಮಗುವಿಗೆ ತಂದೆ ಅಲ್ಲಿಯ ಪೌರನಾಗಿದ್ದರೆ ಮಾತ್ರ ಪೌರತ್ವವೆಂದು 1984ರ ಕಾಯಿದೆ. ಗಂಡಸು ಪರದೇಶದವಳನ್ನು ಕಟ್ಟಿಕೊಂಡರೆ ಈ ತೊಡಕಿಲ್ಲ! ಇತ್ತ, ತಂದೆಯ ವಾಸದ ಪರವಾನಗಿ ಮುಂದುವರಿಯದಿದ್ದರೆ ಆ ಮಕ್ಕಳೂ ಗಂಟುಮೂಟೆ ಕಟ್ಟಬೇಕು.

ಶಾಲೆಯ ದಾಖಲಾತಿ ಪುಸ್ತಕದಲ್ಲಿ ವರ್ಷಗಟ್ಟಲೆ ತಂದೆಯ ಹೆಸರನ್ನಷ್ಟೇ ಕೇಳಿ ಬರೆದುಕೊಂಡವರು ನಾವು. ಅವರನ್ನು ನೋಡಿ ನಗುವ ಹಕ್ಕು ನಮಗೆ ಕಡಿಮೆ.

ಆಕೆ ಕೋರ್ಟಿಗೆ ಹೋದರು. ನಮ್ಮದು ತಂದೆಯ ವಂಶ ಹಿಡಿದು ನಡೆಯುವ ಸಮಾಜ, ಮೇಲಾಗಿ ಭೇದಭಾವ ಕೂಡದೆಂಬ ಸಂವಿಧಾನದ ಕಲಮಿನಲ್ಲಿ ಹೆಣ್ಣು ಗಂಡೆಂಬ ಮಾತೇ ಇಲ್ಲ ಎಂದಿತು ಸರಕಾರ. ಸಂಪ್ರದಾಯ ಸಂವಿಧಾನಕ್ಕೆ ಅಡ್ಡ ಬಂದರೆ ಸಂಪ್ರದಾಯವೇ ಬಾಗಬೇಕೆಂದರು ನ್ಯಾಯಾಧೀಶರು. 1991ರಲ್ಲಿ ಹೈಕೋರ್ಟಿನಲ್ಲಿ ಆಕೆಗೆ ಗೆಲುವು. 1992ರಲ್ಲಿ ಮೇಲಿನ ಕೋರ್ಟಿನ ಐವರಲ್ಲಿ ಮೂವರು ಆಕೆಯ ಪರ. ಕಾಯಿದೆ ತಿದ್ದಲು ಸರಕಾರಕ್ಕೆ 1995ರ ತನಕ ಬೇಕಾಯಿತು.